ಟೋಪಿ ಸಿನಿಮಾಕ್ಕೆ ಬೆಳೆದ ರಾಗಿ

ಹೋದ ತಿಂಗಳು ತಂಗಿಯ ಮೊಮ್ಮಗಳನ್ನು ಕರೆದುಕೊಂಡು ಜೆ.ಪಿ. ನಗರದ ಮಾಲೊಂದಕ್ಕೆ ಹೋಗಿದ್ದೆ. ಅಲ್ಲಿ ಒಂದು ಅಂಗಡಿಯ ಮುಂದೆ, ಕಣ್ಣಿಗೆ ಕಟ್ಟಿಕೊಳ್ಳುವ ಕಪ್ಪು ಡಬ್ಬಿಯಂಥದ್ದನ್ನು ಹಿಡಿದುಕೊಂಡು ಮಕ್ಕಳನ್ನು ಕರೆಯುತ್ತಿದ್ದರು. ಮಗು ಅದನ್ನು ಹಾಕಿಕೊಂಡು ಕುಣಿದಾಡಿದ ಮೇಲೆ ಅಂಗಡಿಯ ಹುಡುಗಿ ನನ್ನ ಕಡೆ ತಿರುಗಿ, 'ಆಂಟಿ, ನೀವೂ ಒಂದ್ಸಲ ನೋಡಿ. ವಿ.ಆರ್. ಇದು, ಸಖತ್ತಾಗಿರತ್ತೆ' ಎಂದಳು. ಹಾಕಿಕೊಂಡೆ. ಒಂದು ಹಸಿರು ಹೊಲದ ನಡುವೆ ನಿಂತಿದ್ದೆ. ತಲೆ ತಿರುಗಿಸಿದ ಕಡೆಗೆಲ್ಲ ಪೈರು, ಮೇಲೆ ಮೋಡ, ದೂರದಲ್ಲೊಂದು ಬೆಟ್ಟ. ನನಗೇ ತಿಳಿಯದಂತೆ ಮೂಗರಳಿಸಿ ಉಸಿರೆಳೆದುಕೊಂಡೆ. ಬಂದದ್ದು ಪಕ್ಕದ ಅಂಗಡಿಯ ಪಾಪ್‌ಕಾರ್ನಿನ ವಾಸನೆ.

ಮಳೆ ನಿಂತ ಮೇಲೆ ರಾಗಿ ಹೊಲದಿಂದ ಏಳುವ ವಾಸನೆ ಹೇಗಿರುತ್ತದೆ ಎಂದು ನನಗೆ ಗೊತ್ತು. ಹಳ್ಳಿಯ ಹುಡುಗಿಯಲ್ಲ ನಾನು. ಅದನ್ನು ತಿಳಿದುಕೊಂಡದ್ದು ಇದೇ ಜೆ.ಪಿ. ನಗರದಲ್ಲಿ, ಆ ಮಾಲಿನಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ. ಅದಕ್ಕೆ ಕಾರಣವಾದದ್ದು ಒಂದು ಸಿನಿಮಾ.

ಎಂಬತ್ತರ ದಶಕದ ನಡುವಿನ ಮಾತು. ಬಿ.ಎಸ್ಸಿ. ಮುಗಿಸಿ, ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ ಎಂದು ಹೇಳಿಕೊಂಡು ಜಯನಗರ ನಾಲ್ಕನೇ ಬ್ಲಾಕಿನ ಬಾಡಿಗೆ ಮನೆಯಲ್ಲಿ ಕಾಲ ತಳ್ಳುತ್ತಿದ್ದೆ. ಸೋದರತ್ತೆಯ ಮಗ ರಘು ಪುಣೆಯಲ್ಲಿ ಸಿನಿಮಾ ಓದಿ ಊರಿಗೆ ಮರಳಿದ್ದ. ಗಡ್ಡ ಬಿಟ್ಟಿದ್ದ. ಸಂಜೆಯಾದರೆ ನಮ್ಮ ಮನೆಗೆ ಬಂದು ಅಮ್ಮ ಕೊಟ್ಟ ಉಪ್ಪಿಟ್ಟು ತಿನ್ನುತ್ತ ಅಪ್ಪನಿಗೆ ಕಥೆ ಹೇಳುತ್ತಿದ್ದ. ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಅವರು ಯಾರ ಮಾತನ್ನಾದರೂ ಪೂರ್ತಿ ಕೇಳುತ್ತಿದ್ದರು, ಅದೇ ಅವರ ದೊಡ್ಡ ಗುಣ.

'ಮಾವ, ಮುಂದೊಂದು ಕಾಲ ಬರತ್ತೆ ಅಂತಿಟ್ಕೊಳ್ಳಿ. ಊರಲ್ಲಿ ಒಂದು ಗಿಡಾನೂ ಇಲ್ಲ, ಬರೀ ಕಾಂಕ್ರೀಟು. ಜನ ಕೆಲಸ ಮುಗಿಸಿ ಬಂದು ತಲೆಗೊಂದು ಯಂತ್ರ ಹಾಕ್ಕೋತಾರೆ. ಹಾಕ್ಕೊಂಡ್ರೆ ಸಾಕು, ಹೊಲ ಕಾಣತ್ತೆ, ಗಾಳಿ ಬೀಸತ್ತೆ, ಒಬ್ಬ ರೈತ ತಾತ ಬಂದು ಮಾತಾಡಿಸ್ತಾನೆ, ಮುದ್ದೆ ಕೊಡ್ತಾನೆ. ನಮ್ಮ ಹೀರೋ ದಿನಾ ಅಲ್ಲಿಗೆ ಹೋಗೋಕೆ ಶುರು ಮಾಡ್ತಾನೆ. ಹೋಗ್ತಾ ಹೋಗ್ತಾ ಯಾವುದು ನಿಜ, ಯಾವುದು ಯಂತ್ರದ್ದು ಅನ್ನೋದೇ ಮರೆತುಹೋಗತ್ತೆ. ಕೊನೇಗೆ ಅದರೊಳಗೇ ಉಳಿದುಬಿಡ್ತಾನೆ.'

ಅಪ್ಪ ಕಾಫಿ ಲೋಟ ಕೆಳಗಿಟ್ಟು, 'ಅಂದ್ರೆ ಜನಕ್ಕೆ ಟೋಪಿ ಹಾಕೋ ಕಥೆ' ಎಂದರು.

ಅಂದಿನಿಂದ ಅದು ನಮಗೆಲ್ಲ ಟೋಪಿ ಸಿನಿಮಾ. ರಘು ಏನೇನೋ ಗಂಭೀರ ಹೆಸರುಗಳನ್ನು ಇಟ್ಟ, ಬದಲಾಯಿಸಿದ. ಯಾವುದೂ ನಿಲ್ಲಲಿಲ್ಲ. ಹಳೆಯ ಸ್ಕೂಟರ್ ಹೆಲ್ಮೆಟ್ಟಿಗೆ ಕೆಟ್ಟ ರೇಡಿಯೋದ ವಾಲ್ವುಗಳನ್ನು ಅಂಟಿಸಿ, ನೆತ್ತಿಯ ಮೇಲೆ ಅಮ್ಮನ ಕಾಫಿ ಫಿಲ್ಟರಿನ ಮೇಲಿನ ಬಟ್ಟಲನ್ನು ಬೋರಲು ಕೂರಿಸಿ ಯಂತ್ರವನ್ನು ಮಾಡಿದ್ದೂ ಆಯಿತು. ಹೀರೋ ಆಗಿ ಸುದರ್ಶನ ಎಂಬ ಗೆಳೆಯ ಸಿಕ್ಕ. ಹಗಲು ಬ್ಯಾಂಕಿನ ಕೆಲಸ, ಸಂಜೆ ನಾಟಕ ಅವನದು. ಪುಣೆಯಲ್ಲಿ ಜೊತೆಗೆ ಓದಿದ ಒಬ್ಬ ಕ್ಯಾಮೆರಾ ಹಿಡಿಯಲು ಬಂದ. ಬೇಕಾಗಿದ್ದದ್ದು ಹೊಲ.

ಹೊಲಕ್ಕೇನು ಬರ ಆಗ? ಉತ್ತರಹಳ್ಳಿಯ ಕಡೆ ಹೋದರೆ ಕಣ್ಣಿಗೆ ಕಂಡಷ್ಟೂ ಹೊಲ. ಆದರೆ ರಘುವಿಗೆ ಬೇಕಾದದ್ದು ಬೇರೆ. ಕ್ಯಾಮೆರಾ ನೆಲಕ್ಕೆ ಹತ್ತಿರ ಇದ್ದಾಗ ಪೈರು ಮತ್ತು ಆಕಾಶ ಮಾತ್ರ ಕಾಣಬೇಕು. ನಿಧಾನವಾಗಿ ಮೇಲೆತ್ತಿದರೆ ಸುತ್ತ ನಾಲ್ಕೂ ಕಡೆ ಸಿಮೆಂಟು, ಕಂಬಿ, ಅರ್ಧ ಕಟ್ಟಿದ ಮನೆಗಳು. ಅಂದರೆ ಬಡಾವಣೆಯ ನಡುವೆ ಹೊಲ ಇರಬೇಕು. ಅಂಥದ್ದು ಎಲ್ಲೂ ಇರಲಿಲ್ಲ. ಹಾಗಾಗಿ ಬೆಳೆಸಲೇಬೇಕಾಯಿತು.

ಜೆ.ಪಿ. ನಗರದ ತುದಿಯಲ್ಲಿ ಅಪ್ಪನಿಗೆ ಒಂದು ಮೂಲೆ ಸೈಟು ಸಿಕ್ಕಿತ್ತು. ಅದರ ಮಗ್ಗುಲಿನವು ಅಪ್ಪನ ಇಬ್ಬರು ಸಹೋದ್ಯೋಗಿಗಳ ಸೈಟುಗಳು, ಅವರಿಗೆ ಸದ್ಯಕ್ಕೆ ಮನೆ ಕಟ್ಟುವ ಯೋಚನೆ ಇರಲಿಲ್ಲ. ಶ್ರಾವಣದಲ್ಲಿ ಗುದ್ದಲಿ ಪೂಜೆ ಮಾಡುವುದೆಂದು ನಮ್ಮ ಮನೆಯಲ್ಲಿ ನಿಶ್ಚಯವಾಗಿತ್ತು. ಬಾಡಿಗೆ ಮನೆಯ ಯಜಮಾನರು ಬಿಡಿ ಬಿಡಿ ಎನ್ನುತ್ತಿದ್ದರು. ರಘು ಕೇಳಿದಾಗ ಅಮ್ಮ ಸಟ್ಟುಗ ಹಿಡಿದೇ ಅಡುಗೆಮನೆಯಿಂದ ಹೊರಬಂದಳು.

'ಮನೆ ಕಟ್ಟೋ ಜಾಗದಲ್ಲಿ ರಾಗಿ ಬೆಳೀತೀರಾ? ಜನ ಕೇಳಿದ್ರೆ ನಗ್ತಾರೆ.'

'ಒಂದು ಬೆಳೆ ಅಷ್ಟೇ ತಾನೇ' ಎಂದರು ಅಪ್ಪ. 'ಪಾಯ ಎಲ್ಲಿಗೂ ಓಡಿಹೋಗಲ್ಲ.'

ಆಷಾಢದ ಗಾಳಿ ಬೀಸುತ್ತಿದ್ದ ಒಂದು ಬೆಳಿಗ್ಗೆ ರಘು ಮತ್ತು ನಾನು ಸೈಟು ನೋಡಲು ಹೋದೆವು. ಬಸ್ಸಿಳಿದು ಬಹಳ ದೂರ ನಡೆಯಬೇಕು. ಅರೆಕೆರೆಯ ದಿಕ್ಕಿನಲ್ಲಿದ್ದ ಒಂದು ಹಳ್ಳಿಯ ಹೊಲಗಳು ಬಡಾವಣೆಗೆ ಸೇರಿ ಕೆಲವು ವರ್ಷವಾಗಿತ್ತು. ಹೊಸ ಟಾರು ರಸ್ತೆಗಳು ಎಲ್ಲಿಗೂ ಹೋಗದೆ ಚೌಕ ಚೌಕವಾಗಿ ಬಿದ್ದುಕೊಂಡಿದ್ದವು. ನಡುವೆ ಸೈಟು ಕಲ್ಲು, ಮೊಣಕಾಲೆತ್ತರ ಪಾರ್ಥೇನಿಯಂ, ಅಲ್ಲೊಂದು ಇಲ್ಲೊಂದು ತಾರಸಿ ಕಾಣದ ಮನೆ.

ಆ ಬಯಲಿನಲ್ಲಿ ಒಬ್ಬರು ಮುದುಕರು ನಡೆದು ಬರುತ್ತಿದ್ದರು. ಮೊಣಕಾಲಿಗೆ ಎತ್ತಿಕಟ್ಟಿದ ಪಂಚೆ, ತಲೆಗೊಂದು ಟವಲ್ಲು. ಪಕ್ಕದಲ್ಲೇ ರಸ್ತೆ ಇದ್ದರೂ ಅವರು ಸೈಟುಗಳ ಅಡ್ಡಕ್ಕೆ, ಬಳಸಿಕೊಂಡು, ಕಿರಿದಾದ ದಾರಿಯಲ್ಲಿ ಹೆಜ್ಜೆಯಿಡುವವರಂತೆ ಬರುತ್ತಿದ್ದರು. ಒಂದು ಕಡೆ ನಿಂತು, ಕಾಲೆತ್ತಿ ಏನನ್ನೋ ದಾಟಿದರು. ಅಲ್ಲಿ ದಾಟುವಂಥದ್ದು ಏನೂ ಇರಲಿಲ್ಲ. ನಮ್ಮನ್ನು ಕಂಡು ಕೈಯೆತ್ತಿ ಕೂಗಿದರು.

'ಬದ ಐತೆ, ನೋಡ್ಕಂಡ್ ಬನ್ನಿ. ಎಡವೀರಿ.'

ರಘು ತಲೆ ಬಗ್ಗಿಸಿ ನೋಡಿದ. ಹೊಲದ ಬದು ಎಲ್ಲೂ ಇರಲಿಲ್ಲ, ನೆಲ ಸಪಾಟಾಗಿತ್ತು. ಅವನು ನನ್ನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಹೇಳಿದ: 'ಶೈಲೂ, ಇವರು ಟೋಪಿ ಇಲ್ದೇನೇ ನೋಡ್ತಿದಾರೆ ಕಣೇ.'

ಅವರ ಹಿಂದೆಯೇ ಒಬ್ಬ ಹೆಂಗಸು ದಾಪುಗಾಲು ಹಾಕುತ್ತ ಬಂದರು. ಮುದುಕರ ಹೆಸರು ಚಿಕ್ಕಣ್ಣ, ಬಂದವರು ಅವರ ಹೆಂಡತಿ ಮುನಿಯಮ್ಮ. ಅವರದೇನೂ ತೊಂದರೆಯ ಸಂಸಾರವಲ್ಲ. ಹಳ್ಳಿಯಲ್ಲಿ ಸಾಲುಮನೆಗಳಿದ್ದವು, ಬಾಡಿಗೆ ಬರುತ್ತಿತ್ತು. ಮಗ ನಂಜಪ್ಪ ಇಟ್ಟಿಗೆ, ಜಲ್ಲಿ, ಮರಳಿನ ವ್ಯಾಪಾರ ಮಾಡುತ್ತಿದ್ದ, ಲಾರಿ ಇಟ್ಟಿದ್ದ.

'ಬೆಳಗಾದ್ರೆ ಇದೇ ಆಗೋಗದೆ ಕಣವ್ವ' ಎಂದರು ಮುನಿಯಮ್ಮ. 'ಹೊಲ ಹೋಯ್ತು ಅಂದ್ರೆ ಹೂಂ ಅಂತಾರೆ. ಹೂಂ ಅಂದು ಹೊಲಕ್ಕೇ ಬತ್ತಾರೆ.'

ಚಿಕ್ಕಣ್ಣ ತಾತ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ನಾವು ನಿಂತಿದ್ದ ಮೂಲೆಯನ್ನು ತೋರಿಸಿ, 'ಇದು ನಮ್ ಕೆಳಗಲ ಹೊಲ. ಮೇಲ್ಗಡೆಕ್ಕಿಂತ ಇಲ್ಲೇ ಚೆನ್ನಾಗಿ ಬರೋದು' ಎಂದರು. ಅವರು ತೋರಿಸಿದ್ದು ಅಪ್ಪನ ಸೈಟು. ನಮ್ಮ ಮನೆಯ ದೇವರ ಕೋಣೆ ಎಲ್ಲಿ ಬರಬೇಕು, ಬಾವಿ ಎಲ್ಲಿ ಎಂದು ಅಮ್ಮ ಹಾಳೆಯ ಮೇಲೆ ಬರೆದಿಟ್ಟಿದ್ದ ಜಾಗ.

ಆ ತಾತನೇ ತನ್ನ ಸಿನಿಮಾದ ರೈತನಾಗಬೇಕೆಂದು ರಘು ಅಲ್ಲೇ ತೀರ್ಮಾನಿಸಿದ. ನನಗೆ ಒಳಗೊಳಗೇ ಅಂಜಿಕೆ. ಇಲ್ಲದ ಹೊಲವನ್ನು ನೋಡುತ್ತಿರುವವರಿಗೆ ನಾವು ಸುಳ್ಳೇ ಒಂದು ಹೊಲ ಮಾಡಿಕೊಟ್ಟು, ಆಮೇಲೆ ಅದನ್ನೂ ಕಿತ್ತುಕೊಂಡರೆ? ಬಸ್ಸಿನಲ್ಲಿ ಅದನ್ನೇ ಕೇಳಿದೆ. ರಘು ಕಿಟಕಿಯಾಚೆ ನೋಡುತ್ತ ಕೂತ.

ಅದೇ ಪ್ರಶ್ನೆಯನ್ನು ಮಗ ನಂಜಪ್ಪ ನೇರವಾಗಿ ಕೇಳಿದ. ಕೇಳಲು ಹೋದ ನಮ್ಮನ್ನು ಕೂರಿಸಿ, ಟೀ ಕುಡಿಸಿ, ಆಮೇಲೆ ಹೇಳಿದ. 'ನಮ್ಮಪ್ಪನ ತಲೆ ಮೊದ್ಲೇ ನೆಟ್ಟಗಿಲ್ಲ ಸಾರ್. ಡಾಕ್ಟ್ರಿಗೆ ತೋರಿಸಿದೀನಿ, ಆಸ್ಪತ್ರೇಗೆ ಸೇರಿಸಿ ನೋಡೋಣ ಅಂದವ್ರೆ. ಅಂಥೋರಿಗೆ ನೀವು ಇನ್ನೊಂದು ಟೋಪಿ ಹಾಕ್ತೀನಿ ಅಂತೀರಲ್ಲ.'

ಒಲೆಯ ಮುಂದಿದ್ದ ಮುನಿಯಮ್ಮ ಹೊರಗೆ ಬರದೆಯೇ ಮಾತಾಡಿದರು. 'ಇಷ್ಟ್ ದಿನ ಇಲ್ದೇ ಇರೋ ಹೊಲ್ದಾಗೆ ನಡ್ದವ್ರೆ. ಇರೋ ಹೊಲ್ದಾಗೆ ಒಂದ್ ಮಳೆಗಾಲ ನಡೀಲಿ ಬುಡ್ಲಾ.'

ನಂಜಪ್ಪ ತಾಯಿಯ ಮಾತು ಮೀರುವವನಲ್ಲ. 'ಏನಾರ ಹೆಚ್ಚುಕಮ್ಮಿ ಆದ್ರೆ ನಿಲ್ಲಿಸಿಬಿಡ್ತೀನಿ' ಎಂದ, ಅಷ್ಟೇ.

ಶ್ರಾವಣದ ಮೊದಲ ಮಳೆ ಬಿದ್ದ ಮೇಲೆ ಪಾರ್ಥೇನಿಯಂ ಕಿತ್ತು, ಸೈಟು ಕಲ್ಲುಗಳನ್ನು ಜೋಪಾನವಾಗಿ ಗುರುತು ಮಾಡಿ, ನೆಲ ಉಳುಮೆ ಮಾಡಿಸಿದೆವು. ಅರೆಕೆರೆಯ ಕಡೆಯಿಂದ ಒಂದು ಜೊತೆ ಎತ್ತು, ಕೂರಿಗೆ ತರಿಸಿದರು ಮುನಿಯಮ್ಮ. ಟಾರು ರಸ್ತೆಯ ಮೇಲೆ ಎತ್ತುಗಳು ಗೊರಸು ಸದ್ದು ಮಾಡುತ್ತ ಬಂದಾಗ ಅರ್ಧ ಕಟ್ಟಿದ ಮನೆಗಳ ಗಾರೆಯವರೆಲ್ಲ ಕೆಲಸ ಬಿಟ್ಟು ನೋಡಿದರು. ಚಿಕ್ಕಣ್ಣ ತಾತ ಚಪ್ಪಲಿ ಬಿಟ್ಟು, ನೆಲಕ್ಕೆ ಕೈಮುಗಿದು, ಕೂರಿಗೆಯ ಬಟ್ಟಲಿಗೆ ಬೀಜ ಬಿಡುತ್ತ ಹಿಂದೆ ಹಿಂದೆ ನಡೆದರು. ರಾಗಿಯ ಜೊತೆಗೆ ಅವರೆಯ ಸಾಲು, ಅಂಚಿಗೆ ಹುಚ್ಚೆಳ್ಳು. ಮುಗಿಸಿ ಬಂದು ಆಕಾಶ ನೋಡಿ, 'ಸಂಜೇಗೆ ಬತ್ತದೆ ಮಳೆ' ಎಂದರು. ಅಂದು ಸಂಜೆ ಬರಲಿಲ್ಲ. ಆ ವಾರವೆಲ್ಲ ಬರಲಿಲ್ಲ. ಒಂದು ಮೂಲೆಯಲ್ಲಿ ಬೀಜ ಹುಟ್ಟಲೇ ಇಲ್ಲ. 'ಮಳೆರಾಯ ಇವರ ಮಾತು ಕೇಳ್ಕಂಡೇ ಕುಂತವ್ನೆ' ಎಂದು ಮುನಿಯಮ್ಮ ಗಂಡನನ್ನು ಛೇಡಿಸುತ್ತ, ಆ ಮೂಲೆಗೆ ಮತ್ತೆ ಬೀಜ ಚೆಲ್ಲಿದರು.

ನನ್ನದು ಹೊಂದಿಕೆ ನೋಡುವ ಕೆಲಸ. ಇಂದು ತೆಗೆದ ಚಿತ್ರಕ್ಕೂ ಮುಂದಿನ ವಾರ ತೆಗೆಯುವ ಚಿತ್ರಕ್ಕೂ ತಾಳೆಯಾಗಬೇಕು. ಸುದರ್ಶನನ ಅಂಗಿಯ ಗುಂಡಿ, ಟೋಪಿಯ ಓರೆ, ಪೈರಿನ ಎತ್ತರ, ಮೋಡ. ಅದಕ್ಕಾಗಿ ನಾನು ಬಿಡದೆ ಹೋಗುತ್ತಿದ್ದೆ. ಬ್ಯಾಂಕ್ ಪರೀಕ್ಷೆಯ ಪುಸ್ತಕ ಚೀಲದಲ್ಲಿರುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಮೊದಲು ನೆಲದ ಮೇಲೆ ಹಸಿರು ಗೆರೆ ಎಳೆದಂತೆ ಕಂಡಿತು. ಆಮೇಲೆ ಗೆರೆಗಳು ಕೂಡಿಕೊಂಡವು. ಕಳೆ ಕೀಳಲು ಮುನಿಯಮ್ಮ ನನ್ನನ್ನೂ ಕೂರಿಸಿದರು. ರಾಗಿ ಯಾವುದು, ಹುಲ್ಲು ಯಾವುದು ತಿಳಿಯದೆ ನಾನು ರಾಗಿಯನ್ನೇ ಕಿತ್ತು ಗುಡ್ಡೆ ಹಾಕಿದ್ದೆ. ತಾತ ಅದನ್ನು ನೋಡಿ ನನ್ನನ್ನು ಎಬ್ಬಿಸಿ ಬದುವಿನ ಮೇಲೆ ಕೂರಿಸಿದರು. ಹೌದು, ಅಷ್ಟರಲ್ಲಿ ಅಲ್ಲೊಂದು ಬದುವನ್ನೂ ಅವರು ಹಾಕಿಕೊಂಡಿದ್ದರು.

ಭಾದ್ರಪದದ ಮಳೆ ಚೆನ್ನಾಗಿ ಹಿಡಿಯಿತು. ಮಳೆ ಬಂದರೆ ಪಕ್ಕದ ಅರ್ಧ ಮನೆಯೊಂದರ ಜಗುಲಿಯಲ್ಲಿ ಎಲ್ಲರೂ ಸೇರುತ್ತಿದ್ದೆವು. ಕ್ಯಾಮೆರಾಕ್ಕೆ ಛತ್ರಿ, ನಮಗೆ ಗೋಣಿಚೀಲ. ನಿಂತ ಮೇಲೆ ಬಿಸಿಲು ಹರಿದು ಹೊಲದಿಂದ ಒಂದು ಹಸಿ ವಾಸನೆ ಏಳುತ್ತಿತ್ತು. ಹಾಲಿನಂಥದ್ದು, ಹುಲ್ಲಿನಂಥದ್ದು, ನಡುವೆ ಒಂದಿಷ್ಟು ಹಸಿಮಣ್ಣು. ಸುದರ್ಶನ ಟೋಪಿ ತೆಗೆದು ಮೂಗು ಎತ್ತುತ್ತಿದ್ದ. 'ಗುರು, ಇದನ್ನ ಹೆಂಗೋ ಶೂಟ್ ಮಾಡು' ಎಂದು ಕ್ಯಾಮೆರಾದವನನ್ನು ಕೇಳುತ್ತಿದ್ದ.

ಟೋಪಿ ಹಾಕಿದ ಹೀರೋ ಮತ್ತು ರೈತ ಮೊದಲ ಸಲ ಎದುರಾಗುವ ದೃಶ್ಯವನ್ನು ತೆಗೆದ ದಿನ ತಾತ ರಘುವನ್ನು ಹತ್ತಿರ ಕರೆದು ಕೇಳಿದರು.

'ಈಗ ಈ ಹುಡುಗ ಪ್ಯಾಟೇಲಿ ಕುಂತವ್ನೆ. ತಲೇಗೆ ಅದನ್ನ ಹಾಕ್ಕಂಡು ನನ್ನ ನೋಡ್ತಾವ್ನೆ. ಅಂಗೇ ತಾನೇ?'

'ಹೌದು ತಾತ.'

'ಅಂಗಾದ್ರೆ ಇಲ್ದೇ ಇರೋನು ನಾನಾ?'

ರಘು ತಡವರಿಸಿದ. 'ಸಿನಿಮಾದಲ್ಲಿ ಮಾತ್ರ ತಾತ.'

ತಾತ ಹೊಲದ ಕಡೆ ತಿರುಗಿದರು. 'ನಮ್ಮನೇಲೂ ಅಂಗೇ ಅಂತಾರೆ, ಇವನು ಇಲ್ಲಿಲ್ಲ ಅಂತ' ಎಂದರು. ಆಮೇಲೆ ಎದ್ದು ಹೋಗಿ, ಹೇಳಿಕೊಟ್ಟಂತೆಯೇ ಸುದರ್ಶನನ ಕೈಗೆ ಮುದ್ದೆ ಇಟ್ಟರು. ಹೇಳಿಕೊಡದ ಒಂದು ಕೆಲಸವನ್ನೂ ಮಾಡಿದರು. ಅವನ ಟೋಪಿಯ ಪಟ್ಟಿಯನ್ನು ಸಡಿಲಿಸಿ, 'ನುಂಗಕ್ಕಾಯ್ತದಾ ಈಗ?' ಎಂದು ಕೇಳಿದರು. ರಘು ಅದನ್ನು ಹಾಗೆಯೇ ಉಳಿಸಿಕೊಂಡ.

ತಾತ ಚೇತರಿಸಿಕೊಳ್ಳುತ್ತಿದ್ದಾರೆ ಎಂದು ನಮಗೆಲ್ಲ ಅನ್ನಿಸತೊಡಗಿತ್ತು. ಹೊತ್ತಿಗೆ ಸರಿಯಾಗಿ ಮನೆಗೆ ಊಟಕ್ಕೆ ಹೋಗುತ್ತಿದ್ದರು. ಗಾರೆಯವರ ಜೊತೆ ಬೀಡಿ ಹಂಚಿಕೊಂಡು ಮಾತಾಡುತ್ತಿದ್ದರು. ಮುನಿಯಮ್ಮನ ಮುಖವೂ ಸಡಿಲವಾಗಿತ್ತು. ಅಷ್ಟರಲ್ಲಿ ಒಂದು ಜಲ್ಲಿ ಲಾರಿ ಬಂತು.

ಪೈರು ಹೊಡೆಯಾಗಿ ತೆನೆ ಹೊರಡುತ್ತಿದ್ದ ಸಮಯ. ಎದುರು ಸೈಟಿನವರು ತರಿಸಿದ ಜಲ್ಲಿಯನ್ನು ಲಾರಿಯವನು ರಸ್ತೆ ತುಂಬ ಸುರಿಯುತ್ತ ಒಂದಷ್ಟನ್ನು ಹೊಲದ ಅಂಚಿಗೂ ಚೆಲ್ಲಿದ. ಅವರೆ ಸಾಲಿನ ಒಂದು ಭಾಗ ಮುಚ್ಚಿಹೋಯಿತು. ತಾತ ಕೂಗುತ್ತ ಓಡಿಬಂದರು. ಕೈಗೆ ಸಿಕ್ಕ ಜಲ್ಲಿಕಲ್ಲನ್ನೇ ಎತ್ತಿ ಲಾರಿಯ ಮೇಲೆ ಬೀಸಿದರು. ಮುಂದಿನ ಗಾಜು ಬಿರುಕು ಬಿಟ್ಟಿತು. ಲಾರಿ ನಂಜಪ್ಪನದೇ.

ನಂಜಪ್ಪ ಬಂದಾಗ ಸಣ್ಣಗೆ ಮಳೆ ಹನಿಯುತ್ತಿತ್ತು. ಅವನು ಜೋರಾಗಿ ಮಾತಾಡಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು.

'ಅಪ್ಪ, ಇದು ನಿಮ್ ಹೊಲ ಅಲ್ಲ. ಇವರ ಸೈಟು. ಇವರು ಸಿನಿಮಾ ಮಾಡ್ತಾವ್ರೆ. ಇದೆಲ್ಲ ಆಟ. ತಿಳೀತಾ? ಆಟ.'

ತಾತ ಮಗನನ್ನು ನೋಡಿದರು, ಆಮೇಲೆ ನಮ್ಮ ಒಬ್ಬೊಬ್ಬರನ್ನೂ ನೋಡಿದರು. ಕೈಯಲ್ಲಿದ್ದ ಇನ್ನೊಂದು ಕಲ್ಲು ಕೆಳಗೆ ಬಿತ್ತು. ನಂಜಪ್ಪ ಅವರ ರಟ್ಟೆ ಹಿಡಿದು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದ.

ಮರುದಿನ ತಾತ ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾನು ಮನೆಗೆ ಹೋಗಿ ನೋಡಿದೆ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. 'ಕೂಡಾಕಿಲ್ಲ ಕಣವ್ವ, ಬಾಗಿಲು ತೆಗ್ದೇ ಐತೆ' ಎಂದರು ಮುನಿಯಮ್ಮ. 'ಅವರೇ ಏಳಾಕಿಲ್ಲ ಅಂತಾರೆ. ಮೊದ್ಲಾದ್ರೆ ಹೊಲ ಐತೆ ಅಂತಾದ್ರೂ ಏಳೋರು.'

ಆ ವಾರವೆಲ್ಲ ಜಡಿಮಳೆ. ರಘು ನಮ್ಮ ಮನೆಯ ಹಜಾರದಲ್ಲಿ ಬಂದು ಕೂತಿರುತ್ತಿದ್ದ. ಒಂದು ಸಂಜೆ ಅವನೇ ಹೇಳಿದ. 'ನಾನು ಬರೆದಿರೋ ಕಥೇಲಿ ಹೀರೋ ಒಳಗೇ ಕಳೆದುಹೋಗ್ತಾನಲ್ಲ ಮಾವ. ಬರೆಯೋವಾಗ ಅದೇ ಸಖತ್ ಎಂಡಿಂಗು ಅನ್ನಿಸಿತ್ತು. ಈಗ ತಾತ ಆ ಥರ ಮಲಗಿರೋದು ನೋಡಿದ್ಮೇಲೆ ಅದನ್ನ ತೆಗೆಯೋಕೆ ಕೈ ಬರ್ತಿಲ್ಲ.'

ಭಾನುವಾರ ಬೆಳಿಗ್ಗೆ ಅಪ್ಪ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು, 'ನಡಿ ಶೈಲಾ, ನಂಜಪ್ಪನವರ ಅಂಗಡಿ ತೋರಿಸು' ಎಂದರು.

ಅಂಗಡಿ ಎಂದರೆ ಇಟ್ಟಿಗೆಯ ಸಾಲುಗಳ ನಡುವೆ ಒಂದು ತಗಡಿನ ಶೆಡ್ಡು. ಅಪ್ಪ ಅಲ್ಲಿದ್ದ ಬೆಂಚಿನ ಮೇಲೆ ಕೂತು, ಗಾಜು ಒಡೆದದ್ದರ ಬಗ್ಗೆ ವಿಚಾರಿಸಿ, ಮಳೆಯ ಬಗ್ಗೆ ಮಾತಾಡಿ, ನಂತರ ಕೇಳಿದರು. 'ತೆನೆ ಕಂದು ಬಣ್ಣಕ್ಕೆ ತಿರುಗಿದೆ. ನಿಮ್ಮಪ್ಪ ಬಂದು ಕೊಯ್ದುಕೊಟ್ಟರೆ ಆಗತ್ತಾ ಅಂತ ಕೇಳೋಣ ಅಂತ ಬಂದೆ.'

ನಂಜಪ್ಪ ತಲೆ ಅಲ್ಲಾಡಿಸಿದ. 'ಬೇಡ ಸಾರ್. ಆಳು ಕಳಿಸ್ತೀನಿ.' ಯಾರೂ ಕೇಳದಿದ್ದರೂ ಅವನೇ ಮುಂದುವರಿಸಿದ. 'ನಿಮಗೆ ಗೊತ್ತಿಲ್ಲ. ಹೊಲ ಹೋದ ವರ್ಷವೂ ಬೆಳೆ ಕೊಯ್ಲಿಗೇ ಬಂದಿತ್ತು. ಅವ್ವಂಗೆ ಆಪರೇಷನ್ ಅಂತ ಅಪ್ಪ ಆಸ್ಪತ್ರೇಲಿ ಇದ್ರು. ನೆಲ ಸಮ ಮಾಡೋ ಮಿಷಿನ್ ಬಂತು. ನಾಕ್ ದಿನ ತಡೀರಿ, ಕುಯ್ಕೋತೀವಿ ಅಂತ ಕೈಮುಗ್ದೆ, ಕೇಳಲಿಲ್ಲ. ಅಪ್ಪಂಗೆ ಹೇಳಿಕಳಿಸೋಕೆ ನಂಗೆ ಧೈರ್ಯ ಆಗಲಿಲ್ಲ. ಅವ್ವನ್ನ ಬಿಟ್ಟು ಓಡಿಬಂದು ಮಿಷಿನ್ನಿಗೆ ಅಡ್ಡ ಮಲಗಿಬಿಟ್ರೆ? ಅವರು ವಾಪಸ್ ಬರೋ ಹೊತ್ತಿಗೆ ಎಲ್ಲ ಸಪಾಟು, ಕಲ್ಲು ನೆಟ್ಟಿದ್ರು. ನನ್ನ ಒಂದು ಮಾತು ಕೇಳಲಿಲ್ಲ. ಬಯ್ಯಲಿಲ್ಲ. ಮಾರನೇ ದಿನ ಎದ್ದು, ಟವಲ್ ಸುತ್ಕೊಂಡು ಹೊಲಕ್ಕೆ ಹೋದ್ರು.'

ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು.

'ನಮ್ಮಣ್ಣ ಮಿಲಿಟರಿಗೆ ಹೋದೋನು ವಾಪಸ್ ಬರಲಿಲ್ಲ. ಹೆಣಾನೂ ಬರಲಿಲ್ಲ. ನಮ್ಮಮ್ಮ ಕೊನೇವರೆಗೂ ಊಟಕ್ಕೆ ಒಂದು ತಟ್ಟೆ ಜಾಸ್ತಿ ಇಡ್ತಿದ್ರು. ನಾವೆಲ್ಲ ಅವರಿಗೆ ತಲೆ ಕೆಟ್ಟಿದೆ ಅಂದ್ಕೊಂಡಿದ್ವಿ. ಕಣ್ಣಿಂದ ನೋಡದೇ ಇದ್ರೆ ಮುಗೀತು ಅಂತ ಮನಸ್ಸಿಗೆ ಹೇಳೋದು ಹೇಗೆ ನಂಜಪ್ಪನವರೇ? ಈ ಸಲದ ಬೆಳೆ ಕೊಯ್ಯೋದನ್ನಾದ್ರೂ ಅವರು ನೋಡ್ಲಿ. ಅವರ ಕೈಯಿಂದಾನೇ ಆಗಲಿ.'

ನಂಜಪ್ಪ ಎದ್ದು ಲಾರಿಯ ಕಡೆ ಹೋದ. ನಾವು ಎದ್ದು ಬಂದೆವು.

ಕಾರ್ತಿಕದ ಎಳೆಬಿಸಿಲು ಬಿದ್ದ ಒಂದು ಬೆಳಿಗ್ಗೆ, ಆಳುಗಳು ಬರುತ್ತಾರೆಂದು ನಾವು ಕಾದಿದ್ದೆವು. ಬಂದದ್ದು ನಂಜಪ್ಪನ ಸ್ಕೂಟರು. ಹಿಂದೆ ತಾತ, ಅವರ ತೊಡೆಯ ಮೇಲೆ ಗೋಣಿಯಲ್ಲಿ ಸುತ್ತಿದ ಕುಡುಗೋಲುಗಳು. ನಂಜಪ್ಪ ಪ್ಯಾಂಟು ಮಡಚಿ, ವಾಚು ಬಿಚ್ಚಿ ನನ್ನ ಕೈಗೆ ಕೊಟ್ಟ. 'ನೀವು ಮುಂದೆ ಹಿಡೀರಿ, ನಾನು ಹಿಂದೆ ಬತ್ತೀನಿ' ಎಂದು ತನ್ನ ಅಪ್ಪನಿಗೆ ಹೇಳಿದ.

ತಾತ ಮೊದಲು ತೆನೆಯೊಂದನ್ನು ಅಂಗೈಯಲ್ಲಿ ತಿಕ್ಕಿ, ಊದಿ, ಬಾಯಿಗೆ ಹಾಕಿಕೊಂಡು ಜಗಿದರು. ಆಮೇಲೆ ಬಗ್ಗಿದರು. ಕುಡುಗೋಲು ಪೈರಿನ ಬುಡಕ್ಕೆ ತಾಗಿ ಬರುವ ಕರಕರ ಸದ್ದು ಶುರುವಾಯಿತು. ಹಿಂದೆಯೇ ನಂಜಪ್ಪ, ಅವನ ಪಕ್ಕ, ನಡೆದೇ ಬಂದಿದ್ದ ಮುನಿಯಮ್ಮ. ಸ್ವಲ್ಪ ಹೊತ್ತಿನಲ್ಲಿ ನನ್ನ ಅಪ್ಪ ಪಂಚೆ ಎತ್ತಿಕಟ್ಟಿ ಇಳಿದರು. ಊಟ ತಂದಿದ್ದ ಅಮ್ಮ ಸೆರಗು ಸಿಕ್ಕಿಸಿಕೊಂಡು ಕಂತೆ ಹೊರಲು ನಿಂತಳು. ಸುದರ್ಶನ ಟೋಪಿಯನ್ನು ಜಲ್ಲಿ ರಾಶಿಯ ಮೇಲಿಟ್ಟು ತಾನೂ ಬಂದ. ಕ್ಯಾಮೆರಾ ಓಡುತ್ತಿತ್ತು. ಕಟ್ ಎನ್ನಬೇಕಾದ ರಘು ಕಟ್ ಎನ್ನಲೇ ಇಲ್ಲ. ಫಿಲ್ಮು ಮುಗಿದು ಕ್ಯಾಮೆರಾದವನೇ ಕೈಯೆತ್ತಿದ.

ತಾತ ಎಲ್ಲೂ ಅಳಲಿಲ್ಲ. ಅತ್ತದ್ದು ನಂಜಪ್ಪ. ಕೊಯ್ಯುತ್ತ ಕೊಯ್ಯುತ್ತ ಕೂತುಬಿಟ್ಟ. ತಾತ ಹಿಂತಿರುಗಿ ಬಂದು ಅವನ ಬೆನ್ನ ಮೇಲೆ ಕೈಯಿಟ್ಟು, 'ಸೊಂಟ ಹಿಡ್ಕಂತಾ? ಅಭ್ಯಾಸ ಬುಟ್ಟೋಗದೆ' ಎಂದರು. ಅವರಿಗೆ ತಿಳಿದು ಅಂದದ್ದೋ, ತಿಳಿಯದೆಯೋ, ನನಗೆ ಇಂದಿಗೂ ಗೊತ್ತಿಲ್ಲ. ನಂಜಪ್ಪ ಹೂಂ ಎಂದು ಕಣ್ಣೊರೆಸಿಕೊಂಡು ಎದ್ದ.

ಕೊಯ್ದ ರಾಗಿ ಒಣಗಿದ ಮೇಲೆ ಒಕ್ಕಲು ಕಣ ಬೇಕಲ್ಲ. ಎದುರಿಗೇ ಇತ್ತು, ಯಾರೂ ಓಡಾಡದ ಹೊಸ ಟಾರು ರಸ್ತೆ. ಗುಡಿಸಿ, ನೀರು ಹಾಕಿ ತೊಳೆದು, ತೆನೆಯನ್ನು ಹರಡಿದರು. ಅದರ ಮೇಲೆ ನಂಜಪ್ಪ ತನ್ನ ಲಾರಿಯನ್ನೇ ಹಿಂದೆ ಮುಂದೆ ಓಡಿಸಿದ. ಗಾರೆಯವರು ಮೊರ ಹಿಡಿದು ತೂರಲು ಬಂದರು. ಗಾಳಿಗೆ ಹೊಟ್ಟು ಹಾರಿ ಅರ್ಧ ಕಟ್ಟಿದ ಮನೆಗಳ ಕಿಟಕಿಯೊಳಕ್ಕೆಲ್ಲ ಹೋಯಿತು. ರಾಶಿಗೆ ಮುನಿಯಮ್ಮ ಪೂಜೆ ಮಾಡಿ, ಮೊದಲ ಮೊರ ನನ್ನ ಅಮ್ಮನ ಸೆರಗಿಗೆ ಸುರಿದರು.

ಬರಿದಾದ ನೆಲದ ಮೇಲೆ ಕೂಳೆ ಮಾತ್ರ ಉಳಿದಿತ್ತು. ತಾತ ಅದರ ನಡುವೆ ಒಂದು ಸುತ್ತು ಹಾಕಿ ಬಂದು ಅಪ್ಪನ ಮುಂದೆ ನಿಂತರು.

'ಹೊಲ ಖಾಲಿ ಆಯ್ತು ಸ್ವಾಮಿ. ಇನ್ ನೀವು ಪಾಯ ತೆಗೀಬೋದು.'

ಅಪ್ಪ ಕೈಮುಗಿದರು. ತಾತ ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, ರಸ್ತೆ ಹಿಡಿದು ಮನೆಗೆ ನಡೆದರು.

ಆಮೇಲೆ ಅವರು ಬೆಳಗಿನ ಹೊತ್ತು ಆ ಕಡೆ ಬರುವುದು ನಿಂತಿತು. ನಮ್ಮ ಮನೆ ಏಳತೊಡಗಿದ ಮೇಲೆ ಆಗಾಗ ಬಂದು ನೋಡುತ್ತಿದ್ದರು, ಎಲ್ಲರೂ ನೋಡುವ ಹಾಗೆಯೇ. ಗೋಡೆಗೆ ನೀರು ಸಾಲದು ಎಂದು ಗಾರೆಯವರನ್ನು ಗದರುತ್ತಿದ್ದರು. ಎಲ್ಲ ನೆಟ್ಟಗಾಯಿತು ಎಂದು ಹೇಳಲಾರೆ. ಒಮ್ಮೊಮ್ಮೆ ಮಾತಿನ ನಡುವೆ ಮಂಕಾಗುತ್ತಿದ್ದರಂತೆ. ಆದರೆ ನಂಜಪ್ಪ ಅವರನ್ನು ಆಸ್ಪತ್ರೆಗೆ ಸೇರಿಸುವ ಮಾತೆತ್ತಲಿಲ್ಲ. ಬದಲಿಗೆ ಅರೆಕೆರೆಯ ಆಚೆ ಯಾರದೋ ಒಂದು ತುಂಡು ಹೊಲವನ್ನು ವಾರಕ್ಕೆ ಮಾತಾಡಿದ, ಬೆಳೆದದ್ದರಲ್ಲಿ ಅರ್ಧ ಹೊಲದವರಿಗೆ ಕೊಡುವ ಒಪ್ಪಂದದ ಮೇಲೆ.

ರಘು ಸಿನಿಮಾದ ಕೊನೆಯನ್ನು ಬದಲಾಯಿಸಿದ. ಹೀರೋ ಟೋಪಿ ತೆಗೆಯುತ್ತಾನೆ. ಹೊಲ ಮಾಯವಾಗುತ್ತದೆ. ಸುತ್ತ ಸಿಮೆಂಟು, ಕಂಬಿ. ಅವನು ಕುಸಿದು ಕೂರದೆ ಎದ್ದು ನಡೆಯುತ್ತಾನೆ. ಒಂದು ತಿರುವಿನಲ್ಲಿ ಟಾರು ರಸ್ತೆಯ ಮೇಲೆ ನಿಜವಾದ ರಾಗಿ ಹರಡಿದೆ, ಜನ ತೂರುತ್ತಿದ್ದಾರೆ. ಅವನು ಬಗ್ಗಿ ಒಂದು ಹಿಡಿ ತೆಗೆದುಕೊಂಡು ಮೂಸುತ್ತಾನೆ. ಸಂಕಲನದ ಕೋಣೆಯಲ್ಲಿ ಆ ಚೂರುಗಳನ್ನು ಜೋಡಿಸಲು ರಘುವಿನ ಪಕ್ಕ ಕೂತವಳು ನಾನು. ಅಲ್ಲಿಂದ ಎದ್ದು ಬ್ಯಾಂಕ್ ಪರೀಕ್ಷೆಗೆ ಹೋಗಲೇ ಇಲ್ಲ. ಬದುಕಿನುದ್ದಕ್ಕೂ ಬೇರೆಯವರ ಸಿನಿಮಾಗಳನ್ನು ಕತ್ತರಿಸಿ ಜೋಡಿಸುವುದೇ ನನ್ನ ಕೆಲಸವಾಯಿತು. ಅದರ ಬಗ್ಗೆ ನನಗೆ ಎಂದೂ ಬೇಸರವಾಗಿಲ್ಲ.

ಚಿತ್ರಮಂದಿರದವರು ಯಾರೂ ಅದನ್ನು ಹಾಕಲಿಲ್ಲ. ಕೆಲವು ಸಣ್ಣ ಸಭಾಂಗಣಗಳಲ್ಲಿ ತೋರಿಸಿದೆವು, ನೋಡಿದವರು ಮೆಚ್ಚಿದರು. ಮುಂದಿನ ಮಳೆಗಾಲದಲ್ಲಿ, ಒಂದು ಭಾನುವಾರ ಬೆಳಿಗ್ಗೆ, ಚಿಕ್ಕಣ್ಣ ತಾತನ ಹಳ್ಳಿಯ ಛತ್ರದಲ್ಲಿ ಕಿಟಕಿಗಳಿಗೆ ಜಮಖಾನ ಹೊದಿಸಿ ತೋರಿಸಿದೆವು. ಊರಿಗೆ ಊರೇ ಬಂದಿತ್ತು. ಹಿಂದಿನ ದಿನವಷ್ಟೇ ಒಳ್ಳೆಯ ಮಳೆಯಾಗಿತ್ತು. ತಾತ ಮತ್ತು ಮುನಿಯಮ್ಮ ಮುಂದಿನ ಸಾಲಿನಲ್ಲಿ ಚಾಪೆಯ ಮೇಲೆ, ನಾನು ಅವರ ಹಿಂದೆ.

ತೆರೆಯ ಮೇಲೆ ಹೊಲ ಬಂದಾಗ ಜನ ಗುಜುಗುಜು ಮಾತಾಡಿಕೊಂಡರು. ತಾತನನ್ನು ಕಂಡು ಕೂಗಿದರು, ಸಿಳ್ಳೆ ಹೊಡೆದರು. ಕ್ಯಾಮೆರಾ ಮೇಲೇರಿ ಪೈರಿನ ಸುತ್ತ ಅರ್ಧ ಕಟ್ಟಿದ ಮನೆಗಳು ಕಂಡಾಗ ಮಾತ್ರ ಛತ್ರವೆಲ್ಲ ಮೌನವಾಯಿತು. ಅಲ್ಲಿದ್ದ ಎಲ್ಲರ ಹೊಲವೂ ಹಾಗೆಯೇ ಹೋಗಿತ್ತು. ನಾನು ತಾತನ ಬೆನ್ನನ್ನೇ ನೋಡುತ್ತಿದ್ದೆ. ಅವರು ಅಲುಗಾಡಲಿಲ್ಲ. ಕೊನೆಯ ದೃಶ್ಯ ಮುಗಿದು ತೆರೆ ಬೆಳ್ಳಗಾಯಿತು. ಯಾರೋ ಜಮಖಾನ ಎಳೆದರು, ಬಿಸಿಲು ಒಳಗೆ ಬಂತು.

ಮುನಿಯಮ್ಮ ಗಂಡನ ಕಡೆ ಬಾಗಿ, ತಡೆದು ತಡೆದು ಕೇಳಿದರು. 'ಅಲ್ಲಿದ್ದಿದ್ದು ನೀವೇ ಅಂತ ಗೊತ್ತಾಯ್ತಾ?'

'ಗೊತ್ತಾಗ್ದೆ ಏನು. ಹೋದ್ ವರ್ಸದ ರಾಗಿ ಅದು' ಎಂದರು ತಾತ. ಚಾಪೆಯ ಮೇಲೆ ಕೈಯೂರಿ ಎದ್ದು, ಹೆಂಡತಿಯನ್ನು ಎಬ್ಬಿಸಲು ಕೈ ಚಾಚಿದರು. 'ಏಳು, ಅರೆಕೆರೆಗೆ ಓಗ್ಬೇಕು. ಬಿತ್ತಾಕೆ ಹದ ಆರೋಯ್ತದೆ.'